ಕಡಿಯುವುದಾದರೆ ಸೊನ್ನೆ ವರದಿ ಕಡಿಯಿರಿ



ಆಡಳಿತ ಸುಧಾರಣೆ ಅಂದಾಗಲೆಲ್ಲ ಒಂದು ಮಾತು ಏಳುತ್ತದೆ. ಇಲಾಖೆಗಳು ವಿಧಾನಸಭೆಗೆ, ಸಂಸತ್ತಿಗೆ ಕಳಿಸುವ ವರದಿಗಳು ಅತಿಯಾಗಿವೆ, ಯಾರೂ ಓದುವುದಿಲ್ಲ, ಕಾಗದ ದಂಡ, ಕಾಲ ದಂಡ, ಆದ್ದರಿಂದ ಬೇಡದ್ದನ್ನೆಲ್ಲ ಕಿತ್ತು ಹಾಕಿ ಅಂತ. ಕೇಳುವುದಕ್ಕೆ ಚೆನ್ನಾಗಿದೆ. ಬೇಡದ್ದು ಯಾರಿಗೆ ಬೇಕು? ಆದರೆ ಬೇಡದ್ದು ಯಾವುದು ಅಂತ ತೀರ್ಮಾನ ಮಾಡುವವರು ಯಾರು? ನಮ್ಮ ಪ್ರಶ್ನೆ ಇರುವುದು ಅಲ್ಲಿ.

ಮೊದಲು ಒಪ್ಪುವುದನ್ನು ಒಪ್ಪಿಬಿಡೋಣ. ಸರ್ಕಾರಿ ಕಚೇರಿಗಳಲ್ಲಿ ಕಸದಂಥ ವರದಿಗಳು ರಾಶಿ ರಾಶಿ ಇವೆ. ಹಾಸ್ಟೆಲಿನಲ್ಲಿರುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಎಷ್ಟು ಹುಡುಗರಿದ್ದಾರೆ ಅನ್ನುವ ಒಂದೇ ಅಂಕಿಯನ್ನು ವಾರ್ಡನ್ ಒಂದು ನಮೂನೆಯಲ್ಲಿ ತಾಲ್ಲೂಕಿಗೆ, ಇನ್ನೊಂದರಲ್ಲಿ ಜಿಲ್ಲೆಗೆ, ಮತ್ತೊಂದರಲ್ಲಿ ಕಂಪ್ಯೂಟರಿಗೆ ತುಂಬುತ್ತಾರೆ. ಅಧಿವೇಶನ ಬಂತು ಅಂದರೆ 'ತುರ್ತು' ಅಂತ ಫೋನು ಬಂದು ಅದೇ ಅಂಕಿ ಮತ್ತೆ ಹೋಗುತ್ತದೆ. ಅಷ್ಟೆಲ್ಲ ಬರೆದರೂ ಸಾರು ನೀರಾಗಿದೆ ಅನ್ನುವುದಕ್ಕೆ, ಕಕ್ಕಸಿನ ಬಾಗಿಲು ಮುರಿದಿದೆ ಅನ್ನುವುದಕ್ಕೆ ಒಂದು ಕಾಲಂ ಇರುವುದಿಲ್ಲ. ಇಂಥ ವರದಿ ಹತ್ತಿದ್ದರೆ ಒಂಬತ್ತನ್ನು ನಾಳೆಯೇ ನಿಲ್ಲಿಸಲಿ. ನಾವು ಅಳುವುದಿಲ್ಲ.

ಆದರೆ ಕತ್ತರಿ ಹಿಡಿದವನು ಬಟ್ಟೆ ನೋಡಿ ಕತ್ತರಿಸುತ್ತಾನೋ, ಉಟ್ಟವನ ಜಾತಿ ನೋಡಿ ಕತ್ತರಿಸುತ್ತಾನೋ?

ಅಮೆರಿಕದಲ್ಲಿ ಈ ಕೆಲಸ ನಡೆದಿದೆ. 1995ರಲ್ಲಿ ಅಲ್ಲಿ ಒಂದು ಕಾನೂನು ಮಾಡಿದರು. ಸರ್ಕಾರಿ ಸಂಸ್ಥೆಗಳು ಅವರ ಸಂಸತ್ತಿಗೆ ಕೊಡಬೇಕಾದ ವರದಿಗಳ ಒಂದು ದೊಡ್ಡ ಪಟ್ಟಿ ತೆಗೆದು, ವಿನಾಯಿತಿ ಸಿಕ್ಕವನ್ನು ಬಿಟ್ಟು ಮಿಕ್ಕವೆಲ್ಲ ನಾಲ್ಕು ವರ್ಷದ ನಂತರ ತಾವಾಗಿಯೇ ರದ್ದು ಅಂದರು. ಹಾಗೆ ಸಗಟಾಗಿ ಕೊಯ್ಯುವಾಗ, ದೇಶದ ಕೇಂದ್ರ ಬ್ಯಾಂಕು ಬೆಲೆ ಏರಿಕೆ, ಉದ್ಯೋಗದ ಸ್ಥಿತಿಯ ಬಗ್ಗೆ ವರ್ಷಕ್ಕೆರಡು ಸಲ ಸದನದ ಮುಂದೆ ಇಡಬೇಕಾಗಿದ್ದ ವರದಿಯೂ ಹೋಯಿತು. ಅದು 1978ರ ಪೂರ್ಣ ಉದ್ಯೋಗದ ಕಾನೂನಿನಿಂದ ಬಂದದ್ದು. 2000ದಲ್ಲಿ ಮತ್ತೊಂದು ಕಾನೂನು ತಂದು ಅದನ್ನು ವಾಪಸು ಜೀವ ಮಾಡಿಕೊಂಡರು. ಬ್ಯಾಂಕಿನ ವರದಿಗೆ ಕೇಳುವವರಿದ್ದರು, ಉಳಿಯಿತು. ಕೇಳುವವರಿಲ್ಲದವರ ವರದಿ ಬಿದ್ದುಹೋದರೆ ಎತ್ತುವವರು ಯಾರು? ಇದು ನಾವು ಅಮೆರಿಕದಿಂದ ಕಲಿಯಬೇಕಾದ ಪಾಠ.

ಈಗ ನಮ್ಮ ಜಿಲ್ಲೆಗೆ ಬನ್ನಿ. 2021ರ ಮೇ 2ರ ರಾತ್ರಿಯಿಂದ 3ರ ಬೆಳಗಿನ ತನಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ಜನ ಸತ್ತರು. ಕೊರೋನಾ ಕಾಲ, ಆಮ್ಲಜನಕ ಮುಗಿದಿತ್ತು. ಆಮ್ಲಜನಕ ಇಲ್ಲದೆ ಸತ್ತವರು ಮೂರೇ ಜನ ಅಂದರು ಆಗಿನ ಆರೋಗ್ಯ ಸಚಿವರು. ಹೈಕೋರ್ಟು ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡರ ಸಮಿತಿ ನೇಮಿಸಿತು. ಆ ಸಮಿತಿ ಬಂದು ನೋಡಿ, ಆಮ್ಲಜನಕದ ಕೊರತೆಯಿಂದ ಸಾವುಗಳಾಗಿವೆ ಎಂದು ವರದಿ ಕೊಟ್ಟಿತು. ಇಷ್ಟೆಲ್ಲ ಆದಮೇಲೆ, ಅದೇ ವರ್ಷ ಜುಲೈ 20ರಂದು, ಕೇಂದ್ರ ಸರ್ಕಾರ ರಾಜ್ಯಸಭೆಯಲ್ಲಿ ಏನು ಹೇಳಿತು ಗೊತ್ತೆ? ಆಮ್ಲಜನಕದ ಕೊರತೆಯಿಂದಲೇ ಸಾವಾಗಿದೆ ಅಂತ ಯಾವ ರಾಜ್ಯವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲ!

ವರದಿಯಲ್ಲಿ ಇಲ್ಲ, ಆದ್ದರಿಂದ ಸತ್ತೇ ಇಲ್ಲ. ಹೆಣ ಹೊತ್ತವರು ನಾವು, ಲೆಕ್ಕ ಬರೆದವರು ಅವರು.

ಅದೇ ಜುಲೈ ತಿಂಗಳ 28ರಂದು ಅದೇ ರಾಜ್ಯಸಭೆಯಲ್ಲಿ ಇನ್ನೊಂದು ಉತ್ತರ ಬಂತು: ಹಿಂದಿನ ಐದು ವರ್ಷದಲ್ಲಿ ಮಲ ಹೊರುವ ಕೆಲಸದಿಂದ ಸತ್ತವರು ಯಾರೂ ಇಲ್ಲ. ಮ್ಯಾನ್‌ಹೋಲಿಗೆ ಇಳಿದು ಸತ್ತವರು? ಅವರದ್ದು ಬೇರೆ ಕಾಲಂ ಸ್ವಾಮಿ, 'ಅಪಾಯಕಾರಿ ಸ್ವಚ್ಛತೆ'. ಗುಂಡಿ ಒಂದೇ, ಇಳಿದವನ ಜಾತಿ ಒಂದೇ, ಸಾವು ಒಂದೇ. ಕಾಲಂ ಮಾತ್ರ ಎರಡು. ಒಂದರಲ್ಲಿ ಸೊನ್ನೆ ಬರೆದುಕೊಂಡು ಸರ್ಕಾರ ಎದೆಯುಬ್ಬಿಸಿ ಕೂತಿತು.

ಹಾಗಾದರೆ ವರದಿಗಳೆಲ್ಲ ಸುಳ್ಳೇ, ಇದ್ದರೇನು ಹೋದರೇನು ಅಂತ ಕೆಲವು ಗೆಳೆಯರು ಕೇಳಬಹುದು. ಆತುರ ಬೇಡ. ಆ ಮೂರು ಅನ್ನುವ ಲೆಕ್ಕವನ್ನು ಸುಳ್ಳು ಅಂತ ತೋರಿಸಿದ್ದು ಕೂಡ ಒಂದು ವರದಿಯೇ. ಕೂತಲ್ಲಿಂದ ಬರೆದ ವರದಿಯನ್ನು ಸ್ಥಳಕ್ಕೆ ಬಂದು ಬರೆದ ವರದಿ ಹೊಡೆದು ಹಾಕಿತು. ರೋಗ ವರದಿಯದ್ದಲ್ಲ, ಸೊನ್ನೆಯದ್ದು. ಹೊಲ ತುಂಬ ಕಳೆ ಇದೆ ಅಂತ ಹೊಲಕ್ಕೇ ಬೆಂಕಿ ಇಡುತ್ತಾರೇನು?

ನಮ್ಮ ಪಾಲಿನ ವರದಿಗಳು ಸುಮ್ಮನೆ ಬಂದವಲ್ಲ ಅನ್ನುವುದನ್ನು ಪ್ರತಿ ಹಾಸ್ಟೆಲ್ ವಿದ್ಯಾರ್ಥಿ ತಿಳಿದಿರಬೇಕು. ಸಂವಿಧಾನದ 338ನೇ ವಿಧಿಯಲ್ಲಿ ಮೊದಲಿಂದಲೇ ಒಬ್ಬ ವಿಶೇಷ ಅಧಿಕಾರಿ ಇದ್ದ. ನಮ್ಮ ರಕ್ಷಣೆಗಳು ಹೇಗೆ ನಡೆಯುತ್ತಿವೆ ಎಂದು ಅವನು ರಾಷ್ಟ್ರಪತಿಗೆ ವರದಿ ಕೊಡಬೇಕು, ರಾಷ್ಟ್ರಪತಿ ಅದನ್ನು ಎರಡೂ ಸದನದ ಮುಂದೆ ಇಡಿಸಬೇಕು. ಆ ಅಧಿಕಾರಿಯ ಜಾಗದಲ್ಲಿ ಮುಂದೆ ಆಯೋಗ ಬಂತು. ಅದರ ವರದಿಯ ಜೊತೆ, ಶಿಫಾರಸಿನ ಮೇಲೆ ಏನು ಕ್ರಮ ಕೈಗೊಂಡಿರಿ, ಒಪ್ಪದಿದ್ದರೆ ಯಾಕೆ ಒಪ್ಪಲಿಲ್ಲ ಎಂಬ ವಿವರಣೆಯನ್ನೂ ಇಡಬೇಕು ಅಂತ ಇದೆ. ಇಳಯಪೆರುಮಾಳ್ ಸಮಿತಿ 1965ರಿಂದ ಊರೂರು ನೋಡಿ 1969ರಲ್ಲಿ ವರದಿ ಕೊಟ್ಟಮೇಲೆ ಅಸ್ಪೃಶ್ಯತೆಯ ಕಾನೂನು 1976ರಲ್ಲಿ ಬಿಗಿಯಾಯಿತು. ಪ್ರತಿ ವರ್ಷ ಸಂಸತ್ತಿಗೆ ವರದಿ ಕೊಡಬೇಕು ಎಂಬ ಮಾತು ಆಗ ಆ ಕಾನೂನಿಗೆ ಸೇರಿತು. 1989ರ ದೌರ್ಜನ್ಯ ತಡೆ ಕಾಯ್ದೆಯ 21ನೇ ಕಲಮಿನಲ್ಲೂ ಅದೇ ಮಾತಿದೆ. ಇವನ್ನು ಯಾರೋ ಗುಮಾಸ್ತ ಬೇಸರಕ್ಕೆ ಬರೆದು ಸೇರಿಸಿದ್ದಲ್ಲ. ನಮ್ಮ ಜನರ ರಕ್ತದಿಂದ ಬರೆದದ್ದು.

ಈ ಕಾಗದ ನಡೆಯುವ ದಾರಿ ನೋಡಿ. ಶಾಗ್ಯದಂಥ ಊರಿನ ನಮ್ಮ ಬೀದಿಯಲ್ಲಿ ಒಂದು ದೌರ್ಜನ್ಯ ನಡೆಯಿತು ಅಂತಿಟ್ಟುಕೊಳ್ಳಿ. ಠಾಣೆಯಲ್ಲಿ ದೂರು ದಾಖಲಾಗಬೇಕು, ಡಿವೈಎಸ್‌ಪಿ ತನಿಖೆ ಮಾಡಬೇಕು. 1995ರ ನಿಯಮದ ಪ್ರಕಾರ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಅದರಲ್ಲಿ ನಮ್ಮ ಶಾಸಕರು, ಸಂಸದರು ಸದಸ್ಯರು. ಮುಖ್ಯಮಂತ್ರಿ ಅಧ್ಯಕ್ಷತೆಯ ಸಮಿತಿ ಜನವರಿಗೊಂದು, ಜುಲೈಗೊಂದು, ವರ್ಷಕ್ಕೆ ಎರಡು ಸಲ ಸೇರಬೇಕು. ಮಾರ್ಚ್ 31ರೊಳಗೆ ರಾಜ್ಯದ ವರದಿ ದೆಹಲಿಗೆ ಹೋಗಬೇಕು. ಅಲ್ಲಿಂದ ಎರಡೂ ಸದನಕ್ಕೆ. ಶಾಗ್ಯದಿಂದ ಹನೂರು, ಹನೂರಿಂದ ಚಾಮರಾಜನಗರ, ಬೆಂಗಳೂರು, ದೆಹಲಿ. 1956ರ ತನಕ ಕೊಳ್ಳೇಗಾಲ ಸೀಮೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಆಮೇಲೆ ಮೈಸೂರಿಗೆ, 1997ರಿಂದ ಚಾಮರಾಜನಗರಕ್ಕೆ. ಈಗ ಹನೂರೇ ಒಂದು ತಾಲ್ಲೂಕು. ಕಚೇರಿ ನಮ್ಮ ಹತ್ತಿರ ಹತ್ತಿರ ಬಂತು. ಉತ್ತರ ಬಂತೇ?

ಬರಲಿಲ್ಲ. ಕಾಗದ ಮೇಲಕ್ಕೆ ಹತ್ತುತ್ತದೆ, ಕೆಳಕ್ಕೆ ಇಳಿಯುವುದಿಲ್ಲ. ಆಯೋಗದ ವರದಿಗಳು ಬರೆದು ವರ್ಷಗಳಾದಮೇಲೆ ಸದನಕ್ಕೆ ಬಂದದ್ದಿದೆ. ಆ ಹೊತ್ತಿಗೆ ದೂರು ಕೊಟ್ಟವನು ರಾಜಿಯಾಗಿರುತ್ತಾನೆ, ಇಲ್ಲವೇ ಊರು ಬಿಟ್ಟಿರುತ್ತಾನೆ.

ವರದಿಯನ್ನು ಮುಚ್ಚಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಮನೆಯದ್ದೇ ಉದಾಹರಣೆ ಇದೆ. ಒಳಮೀಸಲಾತಿ ಬಗ್ಗೆ ನ್ಯಾಯಮೂರ್ತಿ ಎ.ಜೆ. ಸದಾಶಿವ ಆಯೋಗ 2005ರಲ್ಲಿ ನೇಮಕವಾಯಿತು, 2012ರಲ್ಲಿ ವರದಿ ಕೊಟ್ಟಿತು. ಸರ್ಕಾರಗಳು ಬಂದವು, ಹೋದವು. ವರದಿ ವರ್ಷಾನುಗಟ್ಟಲೆ ಸದನದ ಮುಂದೆ ಬರಲಿಲ್ಲ. 2024ರ ಆಗಸ್ಟ್ 1ರಂದು ಒಳವರ್ಗೀಕರಣ ಮಾಡಬಹುದು ಎಂದು ಸುಪ್ರೀಂ ಕೋರ್ಟು ಹೇಳಿದ ನಂತರ ಮತ್ತೊಂದು ಆಯೋಗ, ನ್ಯಾಯಮೂರ್ತಿ ನಾಗಮೋಹನದಾಸರದ್ದು, ಮತ್ತೊಂದು ಸಮೀಕ್ಷೆ, 2025ರ ಆಗಸ್ಟಿನಲ್ಲಿ ಮತ್ತೊಂದು ವರದಿ. ಸದಾಶಿವ ವರದಿ ಸರಿಯೋ ತಪ್ಪೋ ಅನ್ನುವುದರಲ್ಲಿ ನಮ್ಮೊಳಗೇ ಎರಡು ಅಭಿಪ್ರಾಯ ಇದೆ, ಇರಲಿ. ಆದರೆ ಓದಿ ಜಗಳವಾಡುವ ಅವಕಾಶವನ್ನೂ ಕೊಡಲಿಲ್ಲವಲ್ಲ! ಎಡ-ಬಲ ಅಂತ ಗಾಳಿಮಾತಿನ ಮೇಲೆ ಅಣ್ಣತಮ್ಮಂದಿರು ಹೊಡೆದಾಡಿದೆವು. ವರದಿ ಮೇಜಿನ ಮೇಲಿದ್ದಿದ್ದರೆ ಅಂಕಿಯನ್ನು ಅಂಕಿಯಿಂದ ಎದುರಿಸುತ್ತಿದ್ದೆವು. ಒಡೆದು ಆಳುವವರಿಗೆ ಬೀರುವಿನ ಬೀಗಕ್ಕಿಂತ ಒಳ್ಳೆಯ ಆಯುಧ ಬೇಕೆ?

ಇನ್ನೊಂದು ಮಾತು ದುಡ್ಡಿನದ್ದು. ನಮ್ಮ ಜನಸಂಖ್ಯೆಗೆ ತಕ್ಕ ಹಣ ನಮಗೇ ಖರ್ಚಾಗಬೇಕು ಎಂದು 2013ರಲ್ಲಿ ಕರ್ನಾಟಕದಲ್ಲಿ ಉಪಯೋಜನೆ ಕಾಯ್ದೆ ಬಂತು. ಅದರಲ್ಲೇ 7(ಡಿ) ಅನ್ನುವ ಕಿಂಡಿ ಇಟ್ಟಿದ್ದರು. ಎಲ್ಲರಿಗೂ ಸೇರಿದ ಕಾಮಗಾರಿಯ ಒಂದು ಪಾಲನ್ನು ದಲಿತರಿಗೆ ಖರ್ಚಾಗಿದೆ ಎಂದು 'ಭಾವಿಸಬಹುದು' ಅಂತ. ಭಾವಿಸುವುದೇ ಆದರೆ ನಾವೂ ಹೊಟ್ಟೆ ತುಂಬಿದೆ ಅಂತ ಭಾವಿಸಿಕೊಂಡು ಮಲಗಬಹುದಲ್ಲ! ಹೋರಾಟದ ಫಲವಾಗಿ 2023ರಲ್ಲಿ ಆ ಕಲಮು ಹೋಯಿತು. ಆದರೆ ಅದೇ ಸಾಲಿನಲ್ಲಿ ಈ ಹಣದಿಂದ 11 ಸಾವಿರ ಕೋಟಿಗೂ ಹೆಚ್ಚನ್ನು ಗ್ಯಾರಂಟಿ ಯೋಜನೆಗಳಿಗೆ ತೋರಿಸಿದರು. ಗ್ಯಾರಂಟಿ ನಮಗೂ ಬೇಕು. ಆದರೆ ಎಲ್ಲರಿಗೂ ಕೊಡುವುದನ್ನು ನಮ್ಮ ಖಾತೆಯಲ್ಲಿ ಬರೆದರೆ ನಮಗೆಂದೇ ಕೊಟ್ಟದ್ದು ಯಾವುದು? ಒಟ್ಟು ಮೊತ್ತದ ವರದಿಯಲ್ಲಿ ಇದು ಕಾಣುವುದಿಲ್ಲ. ಯಾವ ಊರು, ಯಾವ ಬೀದಿ, ಯಾವ ಹಾಸ್ಟೆಲು, ಎಷ್ಟು ರೂಪಾಯಿ ಅಂತ ಬಿಡಿಸಿ ಬರೆದರೆ ಕಾಣುತ್ತದೆ.

ಆದ್ದರಿಂದ ಬೇಕಾದ ವರದಿ, ಬೇಡದ ವರದಿಗೆ ನಮ್ಮ ಅಳತೆಗೋಲು ಇದು. ಯಾರೂ ಓದದ ವರದಿ ಅಂತ ಕಡಿಯಬೇಡಿ. ಓದದಿರುವುದು ಓದಬೇಕಾದವನ ತಪ್ಪು. ಯಾರೂ ಉತ್ತರ ಕೊಡಬೇಕಾಗಿಲ್ಲದ ವರದಿ ಯಾವುದೋ ಅದನ್ನು ಕಡಿಯಿರಿ. ಉತ್ತರ ಕೊಡಲೇಬೇಕಾದ ವರದಿಯ ಒಂದಕ್ಷರವನ್ನೂ ಮುಟ್ಟಬೇಡಿ.

ನಮ್ಮ ಬೇಡಿಕೆಗಳು:

1. ಒಂದೇ ಅಂಕಿಯನ್ನು ನಾಲ್ಕು ಕಡೆ ಕೇಳುವುದು ನಿಲ್ಲಲಿ. ಒಂದು ಸಲ ಬರೆದದ್ದನ್ನು ಎಲ್ಲ ಕಚೇರಿಯೂ ಬಳಸಲಿ. ಉಳಿದ ಹೊತ್ತಿನಲ್ಲಿ ವಾರ್ಡನ್ ಅಡಿಗೆ ಮನೆ ನೋಡಲಿ.

2. 'ಮಾಹಿತಿ ಶೂನ್ಯ' ಎಂದು ಬರೆಯುವ ಅಧಿಕಾರಿ, ಯಾವ ಊರಿಗೆ, ಯಾವ ದಿನ ಹೋಗಿ ವಿಚಾರಿಸಿ ಶೂನ್ಯ ಎಂದು ಕಂಡುಕೊಂಡೆ ಅನ್ನುವುದನ್ನು ಬರೆದು ಸಹಿ ಹಾಕಲಿ.

3. ದಲಿತರಿಗೆ ಸಂಬಂಧಪಟ್ಟ ವರದಿ ಕೊಟ್ಟ ಆರು ತಿಂಗಳೊಳಗೆ, ಏನು ಕ್ರಮ ಕೈಗೊಂಡೆವು ಎಂಬ ವಿವರಣೆಯೊಡನೆ ಸದನದ ಮುಂದೆ ಬರಲಿ. ವಿಚಾರಣಾ ಆಯೋಗಗಳ ಕಾಯ್ದೆಯಲ್ಲಿ ಈ ಆರು ತಿಂಗಳ ಗಡುವು ಆಗಲೇ ಇದೆ. ಹೊಸದೇನೂ ನಾವು ಕೇಳುತ್ತಿಲ್ಲ.

4. ಸದನಕ್ಕೆ ಹೋದ ವರದಿಯ ನಮ್ಮ ತಾಲ್ಲೂಕಿನ ಪುಟ ಕನ್ನಡದಲ್ಲಿ ಪಂಚಾಯಿತಿ ಗೋಡೆಗೂ, ಹಾಸ್ಟೆಲ್ ಗೋಡೆಗೂ ಬರಲಿ.

5. ಯಾವ ವರದಿಯನ್ನು ನಿಲ್ಲಿಸುವುದಿದ್ದರೂ ಆ ಪಟ್ಟಿಯನ್ನು ಮೊದಲು ಸದನದಲ್ಲಿ ಚರ್ಚಿಸಲಿ. ಕಚೇರಿ ಆದೇಶದಲ್ಲಿ ಕಳ್ಳನಂತೆ ತೆಗೆಯುವುದು ಬೇಡ.

ಇನ್ನು ನಮ್ಮ ಕೆಲಸ. ಬೇಡಿಕೆ ಬರೆದು ಕೂತರೆ ನಮ್ಮದೂ ಒಂದು ಸೊನ್ನೆ ವರದಿಯೇ ಆಗುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಅರ್ಜಿಗೆ ಹತ್ತು ರೂಪಾಯಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಮೂವತ್ತು ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮೇಲ್ಮನವಿ. ಕೊಳ್ಳೇಗಾಲ, ಹನೂರು, ಯಳಂದೂರಿನ ಪ್ರತಿ ಹಾಸ್ಟೆಲಿನಿಂದ ಒಂದೊಂದು ಅರ್ಜಿ ಹೋಗಲಿ. ಕಳೆದ ವರ್ಷ ಜಿಲ್ಲಾ ಜಾಗೃತಿ ಸಮಿತಿ ಎಷ್ಟು ಸಲ ಸೇರಿತು? ನಡಾವಳಿ ಕೊಡಿ. ನಮ್ಮ ಶಾಸಕರು ಎಷ್ಟು ಸಭೆಗೆ ಬಂದಿದ್ದರು? ಹಾಜರಿ ಕೊಡಿ. ದಿನಾ ನಮ್ಮ ಹಾಜರಿ ತೆಗೆದುಕೊಳ್ಳುತ್ತಾರಲ್ಲ, ಒಂದು ಸಲ ನಾವು ಅವರ ಹಾಜರಿ ತೆಗೆಯೋಣ. ಬಂದ ಉತ್ತರ ಹಿಡಿದುಕೊಂಡು ಶಾಸಕರ ಮನೆ ಬಾಗಿಲಿಗೆ ಹೋಗೋಣ, ಸದನದಲ್ಲಿ ಕೇಳಿ ಅನ್ನೋಣ.

ಒಂದು ಅಂಕಿಯಿಂದ ಏನಾದೀತು ಅಂತ ಅನ್ನಬೇಡಿ. 2004ರಲ್ಲಿ ನಮ್ಮ ಪಕ್ಕದ ಸಂತೇಮರಹಳ್ಳಿ ಮೀಸಲು ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಓಟಿನಿಂದ. ಒಂದು ಅನ್ನುವುದರ ಬೆಲೆ ಈ ಸೀಮೆಯ ರಾಜಕಾರಣಿಗಳಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಓಟಿನ ಒಂದನ್ನು ಎಣಿಸುವವರು ಸಾವಿನ ಒಂದನ್ನೂ, ಹಸಿವಿನ ಒಂದನ್ನೂ ಎಣಿಸುವಂತೆ ಮಾಡುವುದು ಓದಿದ ನಮ್ಮ ಜವಾಬ್ದಾರಿ.

ಕಾಗದ ಕಡಿಮೆಯಾಗಲಿ, ಉತ್ತರ ಹೆಚ್ಚಾಗಲಿ!
ಸೊನ್ನೆ ಬರೆಯುವವರಿಗೆ ಧಿಕ್ಕಾರ!
ಶಿಕ್ಷಣ, ಸಂಘಟನೆ, ಹೋರಾಟ!
ಜೈ ಭೀಮ್.