ನಮ್ಮ ಹಸಿವಿನಿಂದ ಕೊಂಡ ಕಾಲ

ಜೀವ ಮುಖ್ಯವೋ, ಜೀವನ ಮುಖ್ಯವೋ? 2020ರ ಬೇಸಿಗೆಯಲ್ಲಿ ಟಿವಿ ಸ್ಟುಡಿಯೋಗಳಲ್ಲಿ ಕೂತು ಈ ಪ್ರಶ್ನೆಯನ್ನು ಅಗಿದವರಲ್ಲಿ ಯಾರಿಗೂ ಅವತ್ತಿನ ರಾತ್ರಿ ಊಟದ ಚಿಂತೆ ಇರಲಿಲ್ಲ. ಒಂದು ತಟ್ಟೆಯಲ್ಲಿ ಆರೋಗ್ಯ, ಇನ್ನೊಂದರಲ್ಲಿ ಆರ್ಥಿಕತೆ ಇಟ್ಟು ತಕ್ಕಡಿ ಹಿಡಿದಿದ್ದರು. ಜೀವವಿದ್ದರೆ ಜಗತ್ತು ಎಂದು ಮೊದಲು ಹೇಳಿದ ಪ್ರಧಾನಿ, ಏಪ್ರಿಲ್ 11ರಂದು ಮುಖ್ಯಮಂತ್ರಿಗಳ ಜೊತೆ ಮಾತಾಡುವಾಗ ಜೀವವೂ ಬೇಕು, ಜಗತ್ತೂ ಬೇಕು ಎಂದರು. ಪತ್ರಿಕೆಗಳು ದಪ್ಪಕ್ಷರದಲ್ಲಿ ಹಾಕಿದವು. ಆ ತಕ್ಕಡಿಯ ಹತ್ತಿರಕ್ಕೂ ನಮ್ಮನ್ನು ಬಿಟ್ಟುಕೊಳ್ಳಲಿಲ್ಲ.

ತೂಗಿದ್ದು ಮಾತ್ರ ನಮ್ಮನ್ನೇ.

ನಾವು ಅಂದರೆ ಯಾರು ಅಂತ ಹೇಳಿಬಿಡುತ್ತೇನೆ. ನಾನು ರಾಯಚೂರು ಸೀಮೆಯ ಒಂದು ಹಳ್ಳಿಯ ಮಾದಿಗರ ಕೇರಿಯಲ್ಲಿ ಹುಟ್ಟಿದವನು. ಸುಗ್ಗಿ ಮುಗಿದ ಮೇಲೆ ಕೇರಿಗೆ ಕೇರಿಯೇ ಗುಳೆ ಹೋಗುವ ಊರು ನಮ್ಮದು. ಅಪ್ಪ ಬೆಂಗಳೂರಿನಲ್ಲಿ ಕಲ್ಲು ಹೊತ್ತ. ತಮ್ಮ ಅಲ್ಲೇ ಗೌಂಡಿಯಾದ. ನಾನು ನಾಲ್ಕಕ್ಷರ ಕಲಿತು ಅದೇ ನಗರದ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಮೇಷ್ಟ್ರಾದೆ. ಲಾಕ್‌ಡೌನಿನಲ್ಲಿ ಶಾಲೆಯವರು ಸಂಬಳ ನಿಲ್ಲಿಸಿದರು, ಪಾಠ ನಿಲ್ಲಿಸಲಿಲ್ಲ. ನನ್ನ ಫೋನು, ನನ್ನ ಡೇಟಾ, ನನ್ನ ಗಂಟಲು. ನನ್ನದು ಅಷ್ಟೇ, ಬಿಡಿ. ನಾನು ಬಾಡಿಗೆ ಕೋಣೆಯಲ್ಲಿದ್ದೆ. ನನ್ನ ತಮ್ಮ ತಗಡಿನ ಕೆಳಗಿದ್ದ.

ಮಾರ್ಚ್ 24 ಮಂಗಳವಾರ. ರಾತ್ರಿ 8ಕ್ಕೆ ಘೋಷಣೆ, 12ಕ್ಕೆ ಬಂದ್. ನೂರಾ ಮೂವತ್ತು ಕೋಟಿ ಜನಕ್ಕೆ ನಾಲ್ಕು ತಾಸು. ಕಟ್ಟಡ ಕೆಲಸದವರಿಗೆ ಬಟವಾಡೆ ಆಗುವುದು ಶನಿವಾರ, ಅದೂ ಪೂರ್ತಿ ಕೂಲಿಯಲ್ಲ, ಖರ್ಚಿ. ಉಳಿದ ದುಡ್ಡು ಮೇಸ್ತ್ರಿಯ ಪುಸ್ತಕದಲ್ಲಿ ಬರಹವಾಗಿ ಇರುತ್ತದೆ, ಊರಿಗೆ ಹೊರಟಾಗ ಲೆಕ್ಕ ಮಾಡಿ ಕೊಡುತ್ತಾರೆ. ಮಂಗಳವಾರ ರಾತ್ರಿ ಅಂದರೆ ಹೋದ ಶನಿವಾರದ ಖರ್ಚಿ ಅಕ್ಕಿ ಎಣ್ಣೆಗೆ ಕರಗಿದ ಹೊತ್ತು. ಮುಂದಿನ ಶನಿವಾರ ಬರಲೇ ಇಲ್ಲ. ಮೇಸ್ತ್ರಿ ಫೋನ್ ಆಫ್ ಮಾಡಿ ಕೂತ. ಮೇಸ್ತ್ರಿಯ ಮೇಲಿದ್ದ ಕಂಟ್ರಾಕ್ಟರು, ಕಂಟ್ರಾಕ್ಟರನ ಮೇಲಿದ್ದ ಬಿಲ್ಡರು, ಯಾರೂ ಆ ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ದೇಶದ ಕೂಲಿ ಯಾವ ವಾರ ಕೈಗೆ ಸಿಗುತ್ತದೆ ಎಂದು ತಿಳಿಯದವರು ದೇಶಕ್ಕೆ ಬೀಗ ಹಾಕಿದರು.

ಆ ಶೆಡ್ಡನ್ನು ನಾನು ನೋಡಿದ್ದೇನೆ, ನೀವೂ ನೋಡಿ. ಗೋಡೆಯೂ ತಗಡು, ಸೂರೂ ತಗಡು. ಮಧ್ಯಾಹ್ನ ಒಳಗೆ ಕೂರಲಾಗುವುದಿಲ್ಲ, ಹೊರಗೆ ಬಂದರೆ ಪೊಲೀಸರು. ಕೈಕಾಲು ಚಾಚಿದರೆ ಪಕ್ಕದವನ ಎದೆಗೆ ತಾಗುವಷ್ಟು ಜಾಗದಲ್ಲಿ ಏಳು ಮಂದಿ. ಸಾಲಿಗೆಲ್ಲ ಒಂದೇ ನಲ್ಲಿ. ಕೆಲಸ ನಿಂತ ಮೇಲೆ ಸೈಟಿಗೆ ಟ್ಯಾಂಕರ್ ಬರುವುದೂ ನಿಂತಿತು. ಇವರಿಗೆ ಗಂಟೆಗೊಮ್ಮೆ ಸೋಪು ಹಚ್ಚಿ ಕೈ ತೊಳೆಯಿರಿ, ಮೂರಡಿ ದೂರ ನಿಲ್ಲಿ ಎಂದು ಫೋನಿನ ಕಾಲರ್ ಟ್ಯೂನು ದಿನವಿಡೀ ಬುದ್ಧಿ ಹೇಳುತ್ತಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಈ ನಗರ ಗಾಳಿ ಬೆಳಕು ಬೇಕೆಂದು ಬಸವನಗುಡಿ, ಮಲ್ಲೇಶ್ವರಗಳನ್ನು ಕಟ್ಟಿತು. ಗಾಳಿ ಇಲ್ಲದ ಕಡೆ ಜನರನ್ನು ತುರುಕಿದರೆ ಸಾಯುತ್ತಾರೆ ಎಂಬುದು ಆಳುವವರಿಗೆ ಅಂದಿನಿಂದ ಗೊತ್ತು. ನೂರಿಪ್ಪತ್ತು ವರ್ಷದ ಮೇಲೂ ಆ ಅರಿವು ತಗಡಿನ ಶೆಡ್ಡಿನ ತನಕ ಬಂದಿಲ್ಲ. ಪ್ಲೇಗಿನ ಕಾಲದ ಕಾನೂನು ಮಾತ್ರ ಬಂತು. 1897ರಲ್ಲಿ ಬ್ರಿಟಿಷರು ಮಾಡಿದ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ತೆಗೆದು ಲಾಠಿಗೆ ಕೊಟ್ಟರು. ತಮ್ಮನಿಗೆ ಅಕ್ಕಿ ಹೊತ್ತು ಹೊರಟಾಗ ನನ್ನ ಮೊಣಕಾಲ ಹಿಂದೆ ಬಿದ್ದ ಏಟು ಆ ಕಾಯ್ದೆಯದು. "ಯಾಕೋ ಆಚೆ ಬಂದೆ?" ಎಂದ ಪೊಲೀಸಪ್ಪನಿಗೆ ಚೀಲ ತೋರಿಸಿದೆ. ಚೀಲಕ್ಕೂ ಒಂದು ಬಿತ್ತು. ಅಕ್ಕಿ ರಸ್ತೆಯಲ್ಲಿ ಚೆಲ್ಲಿತು. ಮಕ್ಕಳಿಗೆ ವಚನ ಹೇಳಿಕೊಡುವ ಮೇಷ್ಟ್ರು ನಾನು, ಬಗ್ಗಿ ಒಂದೊಂದೇ ಕಾಳು ಆಯ್ದೆ. ಬಾಲ್ಕನಿಗಳಿಂದ ಜನ ನೋಡುತ್ತಿದ್ದರು.

ರೋಗ ಸುಳ್ಳು ಎನ್ನುವವನಲ್ಲ ನಾನು. ಭಾರತದಲ್ಲಿ ಕೊರೊನಾದ ಮೊದಲ ಸಾವು ನಮ್ಮ ಪಕ್ಕದ ಕಲಬುರಗಿಯಲ್ಲೇ ಆದದ್ದು, 2020ರ ಮಾರ್ಚ್‌ನಲ್ಲಿ. ಹೆದರಿಕೆ ನಮಗೂ ಇತ್ತು. ಆದರೆ ಆರೋಗ್ಯ ಬೇರೆ, ಆದಾಯ ಬೇರೆ ಎಂದು ಎರಡು ತಟ್ಟೆಯಲ್ಲಿಡುವ ಬದುಕು ನಮಗೆ ಯಾರೂ ಕೊಟ್ಟಿರಲಿಲ್ಲ. ತಮ್ಮನ ತೋಳೇ ಅವನ ಬ್ಯಾಂಕು. ಅವನ ಕೂಲಿಯಲ್ಲಿ ಅವ್ವನ ಬಿಪಿ ಗುಳಿಗೆ ಇತ್ತು, ಸಂಘದ ಸಾಲದ ಕಂತು ಇತ್ತು, ತಂಗಿಯ ಬಾಣಂತನ ಇತ್ತು. ಏಪ್ರಿಲ್‌ನಲ್ಲಿ ವಲಸೆ ಕೂಲಿಗಳ ಅರ್ಜಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಊಟ ಕೊಡುತ್ತಿರುವಾಗ ಕೂಲಿ ಯಾಕೆ ಬೇಕು ಎಂದು ಮುಖ್ಯ ನ್ಯಾಯಮೂರ್ತಿಗಳೇ ಕೇಳಿದರು. ಆ ಮಾತು ಓದಿದ ದಿನ ನನಗೆ ಅನ್ನ ಇಳಿಯಲಿಲ್ಲ. ನಾವು ಹೊಟ್ಟೆ ಮಾತ್ರ ಎಂದುಕೊಂಡಿದ್ದಾರೆ ಇವರು. ಸಾಲದ ಕಂತಿಗೆ ರಿಸರ್ವ್ ಬ್ಯಾಂಕ್ ಮೂರು ತಿಂಗಳು ಬಿಡುವು ಕೊಟ್ಟಿತು. ಬಡ್ಡಿಗೆ ಬಿಡುವಿರಲಿಲ್ಲ, ಅದು ಓಡುತ್ತಲೇ ಇತ್ತು.

ತಮ್ಮ ಫೋನಿನಲ್ಲಿ ಹೇಳಿದ: "ಅಣ್ಣ, ರೋಗ ಬಂದ್ರ ಬರ್ಲಿ, ಊರಾಗ ಸಾಯ್ತೀವಿ. ಇಲ್ಲಿ ಸತ್ರ ಮಣ್ಣು ಹಾಕೋರು ಯಾರದಾರ?"

ನಡೆದು ಹೋಗುತ್ತೇವೆ ಎಂದು ಹಟ ಹಿಡಿದಿದ್ದ. ಬೇಡ ಎಂದು ಕಾಲು ಹಿಡಿದೆ. ಏಪ್ರಿಲ್ ಮೊದಲ ವಾರದಲ್ಲಿ ನಮ್ಮ ಸಿಂಧನೂರು ಕಡೆಯ ಒಬ್ಬ ಕೂಲಿ ಹೆಣ್ಣುಮಗಳು ಬೆಂಗಳೂರಿನಿಂದ ನಡೆದು ಹೊರಟು ಬಳ್ಳಾರಿಯಲ್ಲಿ ಪ್ರಾಣ ಬಿಟ್ಟ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತು. ಅವಳು ಸತ್ತದ್ದು ಯಾವ ತಟ್ಟೆಯಲ್ಲಿ? ಆರೋಗ್ಯದ್ದೋ, ಆರ್ಥಿಕತೆಯದ್ದೋ? ತಕ್ಕಡಿ ಹಿಡಿದವರು ಉತ್ತರ ಕೊಡಲಿ.

ಮೇ ತಿಂಗಳ ಮೊದಲ ವಾರ ನನಗೆ ಬಾಯಿಪಾಠವಾಗಿದೆ. ಸಾಯುವವರೆಗೂ ಮರೆಯುವುದಿಲ್ಲ. ಊರಿಗೆ ಹೊರಟ ನಮ್ಮಂಥವರು ಮೆಜೆಸ್ಟಿಕ್ಕಿನಲ್ಲಿ ಗಂಟು ಮೂಟೆ ಹೊತ್ತು ನಿಂತಾಗ, ತಿಂಗಳಿಂದ ಕೂಲಿ ಕಾಣದವರ ಹತ್ತಿರ ಸಾರಿಗೆ ಬಸ್ಸಿಗೆ ಹೆಚ್ಚಿನ ದರ ಕೇಳಿದರು. ಎಲ್ಲ ಕಡೆಯಿಂದ ಉಗಿಸಿಕೊಂಡ ಮೇಲೆ ಉಚಿತ ಎಂದರು. ಮೇ 4ರಂದು ಮದ್ಯದ ಅಂಗಡಿಗಳ ಬಾಗಿಲು ತೆಗೆದರು, ಬೊಕ್ಕಸಕ್ಕೆ ದುಡ್ಡು ಬೇಕಿತ್ತು. ಮೇ 5ರಂದು ಮುಖ್ಯಮಂತ್ರಿ ಯಡಿಯೂರಪ್ಪನವರು ಬಿಲ್ಡರುಗಳ ಜೊತೆ ಸಭೆ ಮಾಡಿದರು. ಆ ಸಭೆಯ ಬೆನ್ನಿಗೇ, ಹೊರರಾಜ್ಯದ ಕೂಲಿಗಳನ್ನು ಊರಿಗೆ ಕರೆದೊಯ್ಯಬೇಕಿದ್ದ ಶ್ರಮಿಕ ರೈಲುಗಳು ಬೇಡ ಎಂದು ನೈಋತ್ಯ ರೈಲ್ವೆಗೆ ಪತ್ರ ಹೋಯಿತು. ಕಟ್ಟಡದ ಕೆಲಸ ಶುರುವಾಗುತ್ತಿದೆ, ಆಳುಗಳು ಬೇಕು! ಮಾರ್ಚ್‌ನಲ್ಲಿ ಕೂಲಿ ಹೊರಗೆ ಬಂದರೆ ರೋಗ ಹರಡುತ್ತಿತ್ತು, ಮೇ ತಿಂಗಳಲ್ಲಿ ಅದೇ ಕೂಲಿ ಸಿಮೆಂಟ್ ಕಲಸಿದರೆ ಹರಡುವುದಿಲ್ಲವೇ? ತಮ್ಮನ ಪಕ್ಕದ ಶೆಡ್ಡಿನಲ್ಲಿದ್ದ ಬಿಹಾರದ ಹುಡುಗರು ಗಂಟು ಕಟ್ಟಿ ಕೂತಿದ್ದರು. ಬಿಚ್ಚಿ ಎಂದರು. ದುಡಿಯುವವನನ್ನು ಬಲವಂತದಿಂದ ಕೆಲಸದ ಜಾಗದಲ್ಲಿ ಹಿಡಿದಿಟ್ಟರೆ ಅದಕ್ಕೆ ಜೀತ ಎನ್ನುತ್ತಾರೆ. 1976ರ ಕಾನೂನಿನಲ್ಲಿ ಅದು ಅಪರಾಧ. ಇಲ್ಲಿ ಸರ್ಕಾರದ ಪತ್ರದಲ್ಲೇ ಆಯಿತು.

ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ಮತ್ತೆ ರೈಲಿಗೆ ಒಪ್ಪಿದರು. ಆ ವಾರವೇ, ಮೇ 7ರಂದು, ವಿದೇಶದಲ್ಲಿದ್ದವರನ್ನು ಕರೆತರುವ ವಂದೇ ಭಾರತ್ ವಿಮಾನಗಳು ಇಳಿಯತೊಡಗಿದವು. ಬಂದವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೂ ಮನೆ ಸೇರುವ ಆಸೆ ಇತ್ತು. ಮರುದಿನ ಮೇ 8ರ ಬೆಳಗಿನ ಜಾವ ಮಹಾರಾಷ್ಟ್ರದ ಔರಂಗಾಬಾದ್ ಹತ್ತಿರ ಹಳಿಯ ಮೇಲೆ ಮಲಗಿದ್ದ 16 ಕೂಲಿಗಳ ಮೇಲೆ ಗೂಡ್ಸ್ ರೈಲು ಹರಿಯಿತು. ಅವರಿಗೂ ಅದೇ ಆಸೆ ಇತ್ತು. ಹಳಿಯ ಮೇಲೆ ರೊಟ್ಟಿ ಚೆಲ್ಲಿತ್ತು.

ತಮ್ಮ ಊರು ಮುಟ್ಟಿದ. ಊರು ಅವನನ್ನು ಒಳಗೆ ಬಿಡಲಿಲ್ಲ. ದಾರಿಗೆ ಜಾಲಿಮುಳ್ಳು ಹಾಕಿದ್ದರು. ಕ್ವಾರಂಟೈನ್ ಮಾಡಿ, ಬೇಡ ಅನ್ನುವುದಿಲ್ಲ. ಕೇರಿಯ ಹುಡುಗರನ್ನು ನೀರಿಲ್ಲದ ಶಾಲೆಯಲ್ಲಿ ಕೂಡಿಹಾಕಿದರು. ಅದೇ ವಾರ ಊರ ದೊಡ್ಡ ಮನೆಯ ಮಗ ಅದೇ ಬೆಂಗಳೂರಿನಿಂದ ಕಾರಿನಲ್ಲಿ ಬಂದಾಗ ಮುಳ್ಳು ಸರಿಸಿದವರೂ ಇವರೇ. ಕಿರಾಣಿ ಅಂಗಡಿಯವನು ಕೇರಿಯವರು ಕೊಟ್ಟ ನೋಟಿನ ಮೇಲೆ ನೀರು ಚಿಮುಕಿಸಿ ಒಣಹಾಕುತ್ತಿದ್ದ. ನಮ್ಮಜ್ಜನ ನಾಣ್ಯಕ್ಕೂ ಆ ಅಂಗಡಿಯಲ್ಲಿ ನೀರು ಚಿಮುಕಿಸುತ್ತಿದ್ದರು. ಅವಾಗ ಯಾವ ವೈರಸ್ ಇತ್ತು?

ಆಮೇಲೆ ಕಿಟ್ಟು ಬಂತು. ಚೀಲದ ಮೇಲೆ ನಾಯಕರೊಬ್ಬರ ನಗುಮುಖ, ಒಳಗೆ ಐದು ಕಿಲೋ ಅಕ್ಕಿ, ಒಂದು ಕಿಲೋ ತೊಗರಿಬೇಳೆ, ಎಣ್ಣೆ ಪಾಕೀಟು, ಖಾರದಪುಡಿ. ಅವ್ವನನ್ನು ಸಾಲಿನಲ್ಲಿ ನಿಲ್ಲಿಸಿದರು. ಅವ್ವ ಹೆದರಿ ಸೆರಗನ್ನು ಮೂಗಿಗೆ ಬಾಯಿಗೆ ಬಿಗಿಯಾಗಿ ಸುತ್ತಿಕೊಂಡಿದ್ದಳು. ಫೋಟೋ ತೆಗೆಯುವವನು ಹೇಳಿದ: "ಯವ್ವಾ, ಸೆರಗು ತೆಗಿ, ಮುಖ ಕಾಣ್ಲಿ. ಚೀಲ ಮ್ಯಾಲೆತ್ತು." ಕೊಡುವವರ ಮುಖಕ್ಕೆ ಮಾಸ್ಕ್ ಇತ್ತು. ಎಪ್ಪತ್ತರ ಮುದುಕಿಯ ಬಾಯಿ ಬಿಚ್ಚಿಸಿದರು. ಆ ಫೋಟೋ ನನ್ನ ಫೋನಿಗೂ ಬಂತು, ಯಾರೋ ವಾಟ್ಸ್ಯಾಪಿನಲ್ಲಿ ಕಳಿಸಿದ್ದರು. ನಾಲ್ಕು ಜನ ಹಿಡಿದ ಚೀಲದ ಮಧ್ಯೆ ನಮ್ಮವ್ವನ ಹಲ್ಲಿಲ್ಲದ ಬಾಯಿ. ಕಣ್ಣು ಕ್ಯಾಮೆರಾ ಕಡೆ ಇರಲಿಲ್ಲ, ನೆಲದ ಕಡೆ ಇತ್ತು. ಜೀವನ ಕೊಡುತ್ತೇವೆ ಎಂದು ಬಂದವರು ಜೀವಕ್ಕೆ ಇದ್ದ ಒಂದು ತುಂಡು ಬಟ್ಟೆಯನ್ನೂ ಕಿತ್ತರು.

ಇಷ್ಟೆಲ್ಲ ನಡೆಯುವಾಗ ಬೀದಿಯಲ್ಲಿ ಕೂಗುವವರು ಇರಲಿಲ್ಲ, ಕೂಗಿದರೆ ಕೇಸು. ಆ ಮೌನದಲ್ಲಿ ಸರ್ಕಾರ ಬೇರೆ ಕೆಲಸ ಮಾಡುತ್ತಿತ್ತು. ಮೇ 22ರಂದು ಕಾರ್ಖಾನೆಗಳಲ್ಲಿ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ದುಡಿಸಬಹುದು ಎಂದು ಅಧಿಸೂಚನೆ ಹೊರಟಿತು. ಕಾರ್ಮಿಕ ಸಂಘಟನೆ ಹೈಕೋರ್ಟಿಗೆ ಹೋದ ಮೇಲೆ ಜೂನ್‌ನಲ್ಲಿ ಬಾಲ ಮುದುರಿಕೊಂಡು ಹಿಂತೆಗೆದರು. ಜುಲೈಯಲ್ಲಿ ಸುಗ್ರೀವಾಜ್ಞೆ ತಂದು ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿದರು. ದುಡ್ಡಿದ್ದವರು ಯಾರು ಬೇಕಾದರೂ ಉಳುವ ಭೂಮಿ ಕೊಳ್ಳಬಹುದು. ಯಾವ ಹೊತ್ತಿನಲ್ಲಿ? ಕೂಲಿ ನಿಂತು, ಸಾಲ ಬೆಳೆದು, ತುಂಡು ಹೊಲ ಮಾರುವುದೊಂದೇ ದಾರಿ ಉಳಿದ ಹೊತ್ತಿನಲ್ಲಿ. ಅದೇ ಜುಲೈಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಕೆಲಸ ನಿಲ್ಲಿಸಿದರು. ಮನೆಮನೆ ತಿರುಗಿ ಜ್ವರ ಕೇಳಿ ಬರೆದುಕೊಂಡ ಹೆಣ್ಣುಮಕ್ಕಳು ಅವರು, ಈ ನಾಡಿನ ಆರೋಗ್ಯವನ್ನು ಹೊತ್ತವರು. ಅವರಿಗೆ ಚಪ್ಪಾಳೆ ತಟ್ಟಿಯಾಗಿತ್ತು, ದುಡ್ಡಿರಲಿಲ್ಲ.

ಈಗ ನನ್ನ ಅಸಲು ಪ್ರಶ್ನೆಗೆ ಬರುತ್ತೇನೆ. ಲಾಕ್‌ಡೌನ್ ರೋಗವನ್ನು ಕೊಲ್ಲುವುದಿಲ್ಲ, ಆಸ್ಪತ್ರೆಗಳನ್ನು ಸಜ್ಜು ಮಾಡಿಕೊಳ್ಳಲು ಕಾಲ ಕೊಡುತ್ತದೆ ಎಂದು ವೈದ್ಯರೇ ಹೇಳಿದ್ದರು. ಒಪ್ಪಿದೆವು. ನಮ್ಮ ಕೂಲಿ, ನಮ್ಮ ಹಸಿವು, ರಸ್ತೆಯಲ್ಲಿ ಬಿದ್ದ ನಮ್ಮ ಹೆಣಗಳನ್ನು ಕೊಟ್ಟು ಆ ಕಾಲವನ್ನು ನಿಮಗೆ ಕೊಂಡುಕೊಟ್ಟೆವು. ಅದನ್ನು ಏನು ಮಾಡಿದಿರಿ? ಒಂದು ವರ್ಷ ಇತ್ತು ನಿಮ್ಮ ಕೈಯಲ್ಲಿ. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಮುಗಿಯಿತು. ಒಂದು ದಿನದೊಳಗೆ 24 ಜನ ಸತ್ತರು. ಆಮ್ಲಜನಕ ಇಲ್ಲದೆ ಸತ್ತವರು ಮೂವರೇ ಎಂದರು ಸಚಿವರು. ಹೈಕೋರ್ಟ್ ನೇಮಿಸಿದ ಸಮಿತಿ ಅದನ್ನು ಒಪ್ಪಲಿಲ್ಲ. ಆ ಜುಲೈಯಲ್ಲಿ ಕೇಂದ್ರ ಸರ್ಕಾರ, ಆಮ್ಲಜನಕದ ಕೊರತೆಯಿಂದ ಸತ್ತರು ಎಂದು ಯಾವ ರಾಜ್ಯವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಎಂದು ರಾಜ್ಯಸಭೆಗೆ ಉತ್ತರ ಕೊಟ್ಟಿತು. ಅದಕ್ಕೂ ಮೊದಲು, 2020ರ ಸೆಪ್ಟೆಂಬರ್‌ನಲ್ಲಿ, ಸತ್ತ ವಲಸೆ ಕೂಲಿಗಳ ಲೆಕ್ಕ ಇಟ್ಟಿಲ್ಲ, ಹಾಗಾಗಿ ಪರಿಹಾರದ ಪ್ರಶ್ನೆಯೇ ಇಲ್ಲ ಎಂದು ಲೋಕಸಭೆಗೆ ಉತ್ತರ ಕೊಟ್ಟಿತ್ತು.

ಜೀವಕ್ಕಾಗಿ ಜೀವನ ಬಿಡಿ ಎಂದರು. ಎರಡನ್ನೂ ಕಿತ್ತುಕೊಂಡರು.

ನಮ್ಮ ಸಣ್ಣವ್ವ ಸತ್ತದ್ದು 2021ರ ಆ ಮೇ ತಿಂಗಳಲ್ಲೇ. ಮೂರು ದಿನ ಜ್ವರ, ನಾಲ್ಕನೇ ದಿನ ಉಸಿರು ಸಿಗಲಿಲ್ಲ. ಆಂಬುಲೆನ್ಸ್ ಬರಲಿಲ್ಲ, ತಮ್ಮ ಟಂಟಂನಲ್ಲಿ ಮಲಗಿಸಿಕೊಂಡು ಹೋದ. ಆಸ್ಪತ್ರೆಯ ಗೇಟಿನಲ್ಲಿ "ಟೆಸ್ಟ್ ರಿಪೋರ್ಟ್ ಎಲ್ಲೈತಿ?" ಎಂದು ಕೇಳಿದರು. ರಿಪೋರ್ಟ್ ಇರಲಿಲ್ಲ, ಇದ್ದಿದ್ದರೂ ಬೆಡ್ ಇರಲಿಲ್ಲ. ಗೇಟಿನ ಹೊರಗೆ, ಟಂಟಂನ ರೆಕ್ಸಿನ್ ಸೀಟಿನ ಮೇಲೆ, ತಮ್ಮನ ಅಂಗಿ ಹಿಡಿದುಕೊಂಡೇ ಹೋದಳು. ಕೊರೊನಾದಿಂದ ಸತ್ತವರಿಗೆ ಪರಿಹಾರ ಘೋಷಣೆಯಾದಾಗ ಅರ್ಜಿ ಹಾಕಿದೆವು. ಪಾಸಿಟಿವ್ ರಿಪೋರ್ಟ್ ಇಲ್ಲ ಎಂದು ವಾಪಸ್ ಕಳಿಸಿದರು. ಟೆಸ್ಟ್ ಮಾಡಿಸದ ಕಾರಣಕ್ಕೆ ಒಳಗೆ ಬಿಡಲಿಲ್ಲ, ಒಳಗೆ ಬಿಡದ ಕಾರಣಕ್ಕೆ ಟೆಸ್ಟ್ ಆಗಲಿಲ್ಲ. ಇವತ್ತಿಗೂ ಅವಳ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ.

ಇದನ್ನು ಓದಿ ಅಯ್ಯೋ ಎನ್ನಬೇಡಿ. ನಿಮ್ಮ ಕರುಣೆ ನನಗೆ ಬೇಡ. ನಿಮ್ಮೂರಲ್ಲೂ ಹೀಗೆ ಪಟ್ಟಿಯ ಹೊರಗೆ ಸತ್ತವರಿದ್ದಾರೆ, ದಾರಿಯಲ್ಲಿ, ಶೆಡ್ಡಿನಲ್ಲಿ, ಗೇಟಿನ ಹೊರಗೆ. ಅವರ ಹೆಸರು, ವಯಸ್ಸು, ಮಾಡುತ್ತಿದ್ದ ಕೆಲಸ, ಸತ್ತ ತಾರೀಕು ಒಂದು ಹಾಳೆಯಲ್ಲಿ ಬರೆಯಿರಿ. ತಹಶೀಲ್ದಾರರ ಟೇಬಲ್ಲಿನ ಮೇಲೆ ಇಟ್ಟು ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬನ್ನಿ. ಲೆಕ್ಕ ಇಟ್ಟಿಲ್ಲ ಎಂಬ ಮಾತನ್ನು ಅವರು ಇನ್ನೊಂದು ಸಲ ಹೇಳಕೂಡದು.