ವಂಶವೃಕ್ಷಕ್ಕೆ ಮನೆಯ ಪುಸ್ತಕವೇ ಬೇರು

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿಯ ದಂಡೆಯ ಮೇಲಿರುವ ರುದ್ರಪಟ್ಟಣವು ಸಂಗೀತಗಾರರ ಊರೆಂದು ನಾಡಿಗೆಲ್ಲ ಪರಿಚಿತ. ಅಲ್ಲಿ 1920ರಲ್ಲಿ ಜನಿಸಿ 2014ರಲ್ಲಿ ನಿಧನರಾದ ವಿದ್ವಾನ್ ಆರ್.ಕೆ. ಶ್ರೀಕಂಠನ್ ಅವರ ಹೆಸರಿನ ಮೊದಲ ಅಕ್ಷರ ಹುಟ್ಟೂರನ್ನೂ ಎರಡನೆಯದು ತಂದೆ ಕೃಷ್ಣಶಾಸ್ತ್ರಿಗಳನ್ನೂ ಸೂಚಿಸುತ್ತದೆ. ಊರು ಬಿಟ್ಟ ಮೇಲೂ ಊರನ್ನೂ ತಂದೆಯನ್ನೂ ಹೆಸರಿನಲ್ಲಿ ಹೊತ್ತು ನಡೆಯುವ ಈ ಪದ್ಧತಿಯೇ ನಮ್ಮ ನಾಡಿನ ಅತ್ಯಂತ ಚಿಕ್ಕ ವಂಶಾವಳಿ. ಆದರೆ ಅದು ಕಾಯುವುದು ಒಂದೇ ತಲೆಮಾರನ್ನು. ತಾಯಿಯ ಹೆಸರಿಗಾಗಲಿ, ಅಜ್ಜಿಯ ತವರಿಗಾಗಲಿ ಅದರಲ್ಲಿ ಸ್ಥಳವಿಲ್ಲ.

ಅನೇಕ ಒಕ್ಕಲು ಮನೆತನಗಳ ವಂಶಾವಳಿಯನ್ನು ಹೆಳವರು ಬಾಯಲ್ಲೂ ಬರಹದಲ್ಲೂ ಕಾಪಾಡಿಕೊಂಡು ಬಂದರು. ಕಥೋಲಿಕ ಕುಟುಂಬಗಳಿಗೆ ಆ ಕಾರ್ಯವನ್ನು ಮಾಡಿದ್ದು ಧರ್ಮಕೇಂದ್ರದ ದಾಖಲೆ ಪುಸ್ತಕ. ಜ್ಞಾನಸ್ನಾನ ಹಾಗೂ ವಿವಾಹಗಳನ್ನು ಬರೆದಿಡಬೇಕೆಂದು ಟ್ರೆಂಟ್ ಮಹಾಸಭೆ 1563ರಲ್ಲಿ ವಿಧಿಸಿತು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 535ನೆಯ ವಿಧಿಯಂತೆ ಪ್ರತಿಯೊಂದು ಧರ್ಮಕೇಂದ್ರದಲ್ಲೂ ಜ್ಞಾನಸ್ನಾನ, ವಿವಾಹ, ಮರಣಗಳ ಪುಸ್ತಕಗಳಿರಬೇಕು. ಜ್ಞಾನಸ್ನಾನದ ದಾಖಲೆಯ ಅಂಚಿನಲ್ಲಿ ದೃಢೀಕರಣ, ವಿವಾಹ, ಗುರುದೀಕ್ಷೆಗಳನ್ನೂ ನಮೂದಿಸಬೇಕು. ಹೀಗೆ ಒಂದೇ ಸಾಲಿನಿಂದ ಒಬ್ಬ ವ್ಯಕ್ತಿಯ ಇಡೀ ಜೀವನದ ಸುಳಿವು ದೊರೆಯುತ್ತದೆ.

ಈ ಮಾತಿನ ಮಹತ್ವ ಹಾಸನದ ಕ್ರೈಸ್ತರಿಗೆ ಬೇಗ ಅರ್ಥವಾಗುತ್ತದೆ. 19ನೆಯ ಶತಮಾನದ ಆದಿಯಲ್ಲಿ ಅಬ್ಬೆ ದುಬೊಯಿಸ್ ಅವರು ಸಾತಳ್ಳಿಯಲ್ಲಿ ಕ್ರೈಸ್ತ ರೈತರ ನೆಲೆಯನ್ನು ಬೆಳೆಸಿದರು. ಮುಂದೆ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಮಿಷನರಿಗಳು ಜಪಮಾಲೆ ಮಾತೆಯ ದೇವಾಲಯವನ್ನು ಕಟ್ಟಿದರು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟೆಯಾದ ಮೇಲೆ ಆ ದೇವಾಲಯ ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ತಲೆಯೆತ್ತುತ್ತದೆ; ನೋಡಲು ಪ್ರವಾಸಿಗರು ಬರುತ್ತಾರೆ. ಊರು ಮುಳುಗಿದಾಗ ಗೋಡೆಗಳ ಜೊತೆಗೆ ಮತ್ತೊಂದು ಸಂಪತ್ತೂ ಚದುರುತ್ತದೆ: ಯಾರು ಯಾರ ಮಗಳು, ಯಾವ ಮನೆಯಿಂದ ಬಂದವಳು ಎಂದು ಬಲ್ಲ ನೆರೆಹೊರೆ. ಆ ತಲೆಮಾರಿನ ಹಿರಿಯರು ಈಗ ಒಬ್ಬೊಬ್ಬರಾಗಿ ನಮ್ಮನ್ನು ಅಗಲುತ್ತಿದ್ದಾರೆ. ಮಕ್ಕಳು ಬೆಂಗಳೂರಿನಲ್ಲಿ, ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿದ್ದಾರೆ.

ಇಂಥ ಕುಟುಂಬಗಳಿಗೆ ಅಂತರಜಾಲದ ಸಾಮೂಹಿಕ ವಂಶವೃಕ್ಷ ಒಂದು ವರವೇ ಸರಿ. ದುಬೈನಲ್ಲಿರುವ ಮೊಮ್ಮಗ ಬರೆದದ್ದನ್ನು ಹಾಸನದ ದೊಡ್ಡಪ್ಪ ಓದಿ ತಿದ್ದಬಹುದು. ಆದರೆ ಎಲ್ಲರೂ ಬರೆಯಬಹುದಾದ ಪುಸ್ತಕದಲ್ಲಿ ಎಲ್ಲರ ತಪ್ಪುಗಳೂ ಸೇರುತ್ತವೆ. ನಮ್ಮ ಹೆಸರುಗಳಂತೂ ಈ ತೊಡಕನ್ನು ಹೆಚ್ಚಿಸುತ್ತವೆ. ಮನೆಯಲ್ಲಿ ರಾಯಪ್ಪನಾದವನು ಹಳೆಯ ಲ್ಯಾಟಿನ್ ದಾಖಲೆಯಲ್ಲಿ ಪೆತ್ರುಸ್, ಶಾಲೆಯಲ್ಲಿ ಪೀಟರ್. ಚಿನ್ನಪ್ಪನೇ ಪೌಲ, ಅರುಳಪ್ಪನೇ ಜಾನ್, ಇನ್ನಾಸಪ್ಪನೇ ಇಗ್ನೇಷಿಯಸ್, ಚೌರಪ್ಪನೇ ಕ್ಸೇವಿಯರ್. ಇದನ್ನರಿಯದ ದೂರದ ಬಂಧುವೊಬ್ಬರು ಒಬ್ಬನನ್ನೇ ಮೂವರನ್ನಾಗಿ ಬರೆದಾರು; ಅಥವಾ ಅಜ್ಜನ ಹೆಸರನ್ನೇ ಮೊಮ್ಮಗನಿಗಿಡುವ ನಮ್ಮ ವಾಡಿಕೆಯಿಂದ ಇಬ್ಬರು ರಾಯಪ್ಪರನ್ನು ಒಬ್ಬನನ್ನಾಗಿ ಕೂಡಿಸಿಯಾರು. ಹತ್ತು ಜನ ನಕಲು ಮಾಡಿದ ಮೇಲೆ ಆ ತಪ್ಪಿಗೆ ಸತ್ಯದ ಮುಖ ಬರುತ್ತದೆ.

ಆದುದರಿಂದ ನಮ್ಮ ಅಭಿಪ್ರಾಯ ಸ್ಪಷ್ಟ: ಪ್ರತಿ ಮನೆಯೂ ಮೊದಲು ತನ್ನದೇ ದಾಖಲೆಯನ್ನು ಸಿದ್ಧಪಡಿಸಲಿ, ಜಾಲದ ವೃಕ್ಷ ಅದರ ಕೊಂಬೆಯಾಗಿರಲಿ. ಒಂದು ದಪ್ಪ ನೋಟುಪುಸ್ತಕ ಸಾಕು. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಟ್ಟು, ಜಾಲದಲ್ಲಿಯೂ ಅದೇ ಸಂಖ್ಯೆಯನ್ನು ನಮೂದಿಸಿದರೆ ಎರಡನ್ನೂ ಹೋಲಿಸುವುದು ಸುಲಭ. ಪ್ರತಿ ಸಂಗತಿಯ ಮುಂದೆ ಅದು ಎಲ್ಲಿಂದ ಬಂತೆಂದು ಬರೆಯಬೇಕು: ಜ್ಞಾನಸ್ನಾನ ಪತ್ರವೋ, ಸಮಾಧಿಯ ಕಲ್ಲೋ, ಅತ್ತೆಯ ಬಾಯಿಮಾತೋ. ಜಾಲದ ವೃಕ್ಷವನ್ನು ‘ಜೆಡ್‌ಕಾಂ’ ಎಂಬ ರೂಪದಲ್ಲಿ ಇಳಿಸಿಕೊಳ್ಳುವ ಸೌಲಭ್ಯವಿದ್ದಲ್ಲಿ ವರ್ಷಕ್ಕೊಮ್ಮೆ ಪ್ರತಿ ಮಾಡಿಡಬೇಕು. ಕಂಪನಿಗಳು ಕೈ ಬದಲಾಗುತ್ತವೆ, ಮುಚ್ಚುತ್ತವೆ. ಮನೆಯ ಪುಸ್ತಕ ಮನೆಯಲ್ಲೇ ಇರುತ್ತದೆ. ಬದುಕಿರುವವರ, ವಿಶೇಷವಾಗಿ ಮಕ್ಕಳ ಜನ್ಮದಿನಾಂಕವನ್ನು ಜಾಲಕ್ಕೆ ಕೊಡದಿರುವುದೇ ವಿವೇಕ.

ಧರ್ಮಕೇಂದ್ರದ ಪುಸ್ತಕವನ್ನೇ ಛಾಯಾಚಿತ್ರ ತೆಗೆದು ಹಂಚಬಾರದೇಕೆ ಎಂದು ಕೆಲವು ಯುವಕರು ಕೇಳಬಹುದು. ಆ ಪುಟಗಳಲ್ಲಿ ನಮ್ಮೊಬ್ಬರದೇ ಅಲ್ಲ, ಇತರ ಕುಟುಂಬಗಳ ಗುಟ್ಟೂ ಇದೆ. ಇದಲ್ಲದೆ, ಮೃತರ ಹೆಸರಿನಲ್ಲಿ ದೀಕ್ಷಾಸ್ನಾನ ನೀಡುವ ಮಾರ್ಮನ್ ಪಂಥದ ವಂಶಾವಳಿ ಸಂಸ್ಥೆಗೆ ಧರ್ಮಕೇಂದ್ರಗಳ ದಾಖಲೆಗಳ ಪ್ರತಿ ಒದಗಿಸಬಾರದೆಂದು ವ್ಯಾಟಿಕನ್ನಿನ ಗುರುವರ್ಗ ಸಂಬಂಧಿ ಶಾಖೆ 2008ರ ಏಪ್ರಿಲ್‌ನಲ್ಲಿ ಪತ್ರ ಬರೆದಿದೆ. ವಿಚಾರಣಾ ಗುರುಗಳ ಬಳಿ ನಮ್ಮ ಮನೆಯವರ ದಾಖಲೆಯ ಪ್ರತಿಯನ್ನಷ್ಟೇ ವಿನಯದಿಂದ ಕೇಳುವುದು ಸರಿಯಾದ ದಾರಿ.

ಇದು ಬಿಡುವಿನ ವೇಳೆಯ ಹವ್ಯಾಸ ಮಾತ್ರವೆಂದು ಭಾವಿಸಬೇಕಿಲ್ಲ. ಸೋದರಮಾವ-ಸೊಸೆಯರ, ಅತ್ತೆ-ಮಾವಂದಿರ ಮಕ್ಕಳ ವಿವಾಹಗಳು ನಮ್ಮ ನಾಡಿನಲ್ಲಿ ರೂಢಿಯಲ್ಲಿವೆ. ಸಂಹಿತೆಯ 1091ನೆಯ ವಿಧಿ ನಾಲ್ಕನೆಯ ಹಂತದವರೆಗಿನ ಇಂಥ ರಕ್ತಸಂಬಂಧವನ್ನು ವಿವಾಹಕ್ಕೆ ಅಡ್ಡಿಯೆನ್ನುತ್ತದೆ. ಆದ್ದರಿಂದ ಇಂಥ ವಿವಾಹಗಳಿಗೆ ಧರ್ಮಾಧ್ಯಕ್ಷರ ವಿನಾಯಿತಿ ಬೇಕು. ಮದುವೆಯ ಹಿಂದಿನ ವಿಚಾರಣೆಯಲ್ಲಿ ಅಜ್ಜಿಯ ತವರು ತಿಳಿಯದೆ ತಡವರಿಸುವುದಕ್ಕಿಂತ ಮುಂಚೆಯೇ ಬರೆದಿಟ್ಟಿರುವುದು ಲೇಸಲ್ಲವೆ?

ಒಂದು ಎಚ್ಚರಿಕೆ ಮಾತ್ರ ಅವಶ್ಯ. ವಂಶಾವಳಿಯನ್ನು ಕುಲದ ಹೆಮ್ಮೆಗೆ ಬಳಸುವವರೂ ಉಂಟು. ಅವರು ಸಂತ ಮತ್ತಾಯನ ಶುಭಸಂದೇಶದ ಮೊದಲ ಅಧ್ಯಾಯವನ್ನು ಮತ್ತೊಮ್ಮೆ ಓದಲಿ. ಯೇಸುಸ್ವಾಮಿಯ ವಂಶಾವಳಿಯಲ್ಲಿ ತಾಮಾರಳು, ರಾಹಾಬಳು, ರೂತಳು, ಊರೀಯನ ಹೆಂಡತಿ ಇದ್ದಾರೆ. ಪರದೇಶದವಳನ್ನೂ, ಲೋಕ ಬೆರಳು ತೋರಿಸಿದವಳನ್ನೂ ಸುವಾರ್ತಿಕ ಅಳಿಸಲಿಲ್ಲ. ನಮ್ಮ ಪುಸ್ತಕದಿಂದಲೂ ಬಡವನಾದ ಚಿಕ್ಕಪ್ಪ, ಊರು ಬಿಟ್ಟುಹೋದ ಅತ್ತೆ, ತೊಟ್ಟಿಲಲ್ಲೇ ತೀರಿಕೊಂಡ ಮಗು ಅಳಿಸಿಹೋಗಬಾರದು.

ನವೆಂಬರ್ 2ರಂದು ಸಮಾಧಿಗಳ ಮೇಲೆ ಮೇಣದ ಬತ್ತಿ ಹಚ್ಚಿ ಪ್ರಾರ್ಥಿಸುವಾಗ ನಾವು ಎಷ್ಟು ಹೆಸರುಗಳನ್ನು ಉಚ್ಚರಿಸಬಲ್ಲೆವು? ಮನೆಯ ಹಿರಿಯರ ಪಕ್ಕದಲ್ಲಿ ಕುಳಿತು, ಕೇಳಿ, ಬರೆದುಕೊಳ್ಳಲು ಇನ್ನೂ ಕಾಲಾವಕಾಶವಿದೆ. ಈ ಭಾನುವಾರವೇ ಆ ಪುಸ್ತಕದ ಮೊದಲ ಪುಟ ತೆರೆಯಲಿ.