ಮಂದ್ರದ ತಂತಿಯೂ ಹಾಡಲಿ

ನಗರದ ಶಾಲೆಗಳಲ್ಲಿ ವಾರ್ಷಿಕೋತ್ಸವ ಸಮೀಪಿಸಿತೆಂದರೆ ವಾದ್ಯಗಳ ಹಂಚಿಕೆಯ ಪ್ರಶ್ನೆ ತಲೆದೋರುವುದು ಸಹಜ. ಗಿಟಾರು ಒಬ್ಬನಿಗೆ, ಕೀಬೋರ್ಡು ಒಬ್ಬಳಿಗೆ, ಡ್ರಮ್ಮು ಮತ್ತೊಬ್ಬನಿಗೆ. ಎಲ್ಲವೂ ಮುಗಿದ ಮೇಲೆ ಉಳಿದವನ ಕೈಗೆ ಬಾಸ್ ಗಿಟಾರು. “ನೀನು ಹಿಂದೆ ನಿಂತು ದುಂ ದುಂ ಎನ್ನಿಸುತ್ತಿದ್ದರೆ ಸಾಕು” ಎಂಬ ಉಪದೇಶವೂ ಅದರೊಡನೆಯೇ ದೊರೆಯುತ್ತದೆ. ಹಾಗೆ ಹಿಂದೆ ನಿಲ್ಲುವ ವಿದ್ಯಾರ್ಥಿಯ ಪರವಾಗಿ ನಾಲ್ಕು ಮಾತುಗಳನ್ನು ಹೇಳಬೇಕೆಂಬುದೇ ಈ ಲೇಖನದ ಉದ್ದೇಶ. ನಮ್ಮ ಅಭಿಪ್ರಾಯವಿಷ್ಟೆ: ಬಾಸ್ ಗಿಟಾರನ್ನು ಹಿಡಿದವನು ಮೊದಲ ದಿನದಿಂದಲೇ ಇಡಿಯ ಹಾಡಿನ ಧಾಟಿಯನ್ನು ಅದರಲ್ಲಿ ನುಡಿಸಲು ಕಲಿಯಬೇಕು.

ವಾದ್ಯದ ಪರಿಚಯವಿಲ್ಲದವರಿಗಾಗಿ ಅದರ ಸ್ವರೂಪವನ್ನು ಮೊದಲು ಹೇಳುವುದು ಯುಕ್ತ. ಪಾಶ್ಚಾತ್ಯ ವೃಂದಗಳಲ್ಲಿ ಮಂದ್ರಸ್ವರದ ಕೆಲಸವು ಹಿಂದೆ ಆಳೆತ್ತರದ ಡಬಲ್ ಬಾಸಿನದಾಗಿತ್ತು. ಅದನ್ನು ಹೊತ್ತು ತಿರುಗುವುದು ಪ್ರಯಾಸದ ಕೆಲಸ. ಮೆಟ್ಟುಗಳಿಲ್ಲದುದರಿಂದ ಸ್ವರಸ್ಥಾನ ಹಿಡಿಯುವುದೂ ಕಠಿಣ. ಅಮೆರಿಕದ ಲಿಯೋ ಫೆಂಡರ್ ಎಂಬವನು ೧೯೫೧ರಲ್ಲಿ ಮಾರಾಟಕ್ಕೆ ತಂದ ವಿದ್ಯುತ್ ಬಾಸಿನಿಂದ ಈ ತೊಡಕುಗಳು ಬಹುಮಟ್ಟಿಗೆ ನಿವಾರಣೆಯಾದುವು. ಅದಕ್ಕೆ ವೀಣೆಯಲ್ಲಿರುವಂತೆ ಮೆಟ್ಟುಗಳುಂಟು. ತಂತಿಗಳು ನಾಲ್ಕು: ಇ, ಎ, ಡಿ, ಜಿ. ಎಲ್ಲಕ್ಕಿಂತ ದಪ್ಪನೆಯ ತಂತಿ ಸೆಕೆಂಡಿಗೆ ಸುಮಾರು ೪೧ ಬಾರಿಯೂ, ತೆಳುವಾದುದು ೯೮ ಬಾರಿಯೂ ಕಂಪಿಸುತ್ತದೆ. ಒಂದು ತಂತಿಗೂ ಮುಂದಿನ ತಂತಿಗೂ ಷಡ್ಜದಿಂದ ಶುದ್ಧ ಮಧ್ಯಮಕ್ಕಿರುವಷ್ಟೇ ಅಂತರ. ಇದು ಎಲ್ಲೆಡೆಯೂ ಸಮಾನ. ಆದುದರಿಂದ ಒಂದೆಡೆ ಕಲಿತ ಬೆರಳಿನ ಕ್ರಮ ಮತ್ತೊಂದೆಡೆಯೂ ಹಾಗೆಯೇ ಸಲ್ಲುತ್ತದೆ. ಶ್ರುತಿ ಏರಿಸಬೇಕಾದರೆ ಕೈಯನ್ನು ಸರಿಸಿದರಾಯಿತು. ಧಾಟಿಯನ್ನು ಕಲಿಯುವವನಿಗೆ ಇದೊಂದು ದೊಡ್ಡ ಅನುಕೂಲ.

“ಬಾಸ್ ಇರುವುದು ಆಧಾರಕ್ಕಾಗಿ, ಅಡಿಪಾಯವೇ ಗೋಪುರವಾಗಲು ಹೊರಟರೆ ಮನೆಯ ಗತಿಯೇನು?” ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ಆದರೆ ಹಾಡು ಯಾವುದೆಂದು ಅರಿಯದವನು ಅದಕ್ಕೆ ಆಧಾರವನ್ನು ಹೇಗೆ ಕೊಟ್ಟಾನು? ಗಾಯಕ ಎಲ್ಲಿ ಉಸಿರು ತೆಗೆಯುವನು, ಯಾವ ಪದವನ್ನು ಎಳೆಯುವನು, ಎಲ್ಲಿ ಎತ್ತರಕ್ಕೇರುವನು ಎಂಬುದನ್ನು ತನ್ನ ಬೆರಳಿನಿಂದಲೇ ಬಲ್ಲವನು ಸರಿಯಾದ ಎಡೆಯಲ್ಲಿ ಸುಮ್ಮನಿರಲೂ ಬಲ್ಲ. ಇಳೆಯರಾಜರ ಹಾಡುಗಳನ್ನು ಗಮನವಿಟ್ಟು ಕೇಳಿರಿ. ನಮ್ಮ ಜಿ. ಕೆ. ವೆಂಕಟೇಶರ ಬಳಿ ಸಹಾಯಕರಾಗಿ ದುಡಿದು, ೧೯೮೧ರಲ್ಲಿ ‘ಗೀತಾ’ ಚಿತ್ರಕ್ಕೆ ಸಂಗೀತ ನೀಡಿದ ಅವರ ಎಷ್ಟೋ ಹಾಡುಗಳಲ್ಲಿ ಬಾಸ್ ಆಧಾರವನ್ನೂ ಬಿಡದೆ ತನ್ನದೇ ಒಂದು ಧಾಟಿಯನ್ನು ನುಡಿಯುತ್ತಿರುತ್ತದೆ. ಎರಡು ಕೆಲಸಗಳೂ ಪರಸ್ಪರ ವಿರೋಧಿಗಳಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಉಳಿದ ವಾದ್ಯವನ್ನು ಹಿಡಿದು ಉನ್ನತಿಗೇರಿದವರ ಉದಾಹರಣೆಗಳೂ ಇಲ್ಲದಿಲ್ಲ. ಇಟಲಿಯ ಜೊವಾನಿ ಬೊಟ್ಟೆಸೀನಿ ೧೮೩೫ರಲ್ಲಿ ಮಿಲಾನಿನ ಸಂಗೀತ ಶಾಲೆಗೆ ಸೇರಬಯಸಿದಾಗ, ವಿದ್ಯಾರ್ಥಿವೇತನದ ಸ್ಥಾನಗಳು ಬಸೂನ್ ಮತ್ತು ಡಬಲ್ ಬಾಸ್ ವಾದ್ಯಗಳಿಗೆ ಮಾತ್ರ ಉಳಿದಿದ್ದುವು. ಪಿಟೀಲನ್ನು ಕಲಿತಿದ್ದ ಬಾಲಕ ಕೆಲವೇ ವಾರಗಳಲ್ಲಿ ಡಬಲ್ ಬಾಸನ್ನು ಅಭ್ಯಸಿಸಿ ಪ್ರವೇಶ ಪಡೆದ. ಮುಂದೆ ಆ ಭಾರಿ ವಾದ್ಯದಲ್ಲಿ ಗಾಯಕರ ಧಾಟಿಗಳನ್ನೇ ನುಡಿಸಿ ಯುರೋಪನ್ನು ಬೆರಗುಗೊಳಿಸಿದ. ನಮ್ಮ ಕಾಲಕ್ಕೆ ಹತ್ತಿರವಾದವನು ಅಮೆರಿಕದ ಜಾಕೊ ಪಾಸ್ಟೋರಿಯಸ್. ೧೯೭೬ರ ತನ್ನ ಮೊದಲ ಧ್ವನಿಮುದ್ರಿಕೆಯನ್ನು ಅವನು ‘ಡೊನ್ನಾ ಲೀ’ ಎಂಬ, ಸ್ಯಾಕ್ಸೊಫೋನ್ ವಾದಕರಿಗೂ ಸುಲಭವಲ್ಲದ ಧಾಟಿಯಿಂದ ಆರಂಭಿಸಿದ. ಅದನ್ನು ನುಡಿಸಿದ್ದು ಮೆಟ್ಟುಗಳಿಲ್ಲದ ಬಾಸ್ ಗಿಟಾರಿನಲ್ಲಿ, ಜೊತೆಗಿದ್ದುದು ಕೈಯಿಂದ ಬಾರಿಸುವ ಚರ್ಮವಾದ್ಯವೊಂದೇ.

ಇನ್ನು ಕಲಿಯುವ ಕ್ರಮ. ಇಂದು ಯಾವ ಹಾಡಿಗೂ ಅಂಕಿಗಳ ಪಟ್ಟಿ ಸುಲಭವಾಗಿ ದೊರೆಯುತ್ತದೆ. ಯಾವ ತಂತಿ, ಯಾವ ಮೆಟ್ಟು ಎಂಬುದನ್ನು ಅದು ತಿಳಿಸುತ್ತದೆ. ಸ್ವರ ಹೇಗೆ ಹುಟ್ಟಿ ಎಲ್ಲಿ ಮುಗಿಯಬೇಕೆಂಬುದನ್ನು ತಿಳಿಸಲಾರದು. ಆದುದರಿಂದ ಮೊದಲು ಬಾಯಿಂದ ಹಾಡಿರಿ. ದಿನವೂ ಬೆಳಗ್ಗೆ ನಾವೆಲ್ಲ ಹಾಡುವ ಪ್ರಾರ್ಥನೆಯೇ ಆದೀತು. ಅದು ಕಂಠಸ್ಥವಾದ ಮೇಲೆ ತೆಳುವಾದ ಜಿ ತಂತಿಯೊಂದರಲ್ಲಿಯೇ ಸ್ವರಗಳನ್ನು ಹುಡುಕಿರಿ. ಒಂದೇ ತಂತಿಯಲ್ಲಿ ಕೈ ಮುಂದೆ ಹಿಂದೆ ಚಲಿಸುವುದರಿಂದ ಸ್ವರಗಳ ನಡುವಣ ದೂರ ಕಣ್ಣಿಗೂ ಕಿವಿಗೂ ಏಕಕಾಲದಲ್ಲಿ ತಿಳಿಯುತ್ತದೆ. ಅನಂತರ ಎಲ್ಲ ತಂತಿಗಳಿಗೆ ಬನ್ನಿರಿ. ಎ ತಂತಿಯ ೩ನೆಯ ಮೆಟ್ಟನ್ನು ಷಡ್ಜವೆಂದು ಹಿಡಿದರೆ ೫ನೆಯದು ರಿ. ಡಿ ತಂತಿಯ ೨, ೩, ೫ನೆಯ ಮೆಟ್ಟುಗಳು ಗ, ಮ, ಪ. ಜಿ ತಂತಿಯ ೨, ೪, ೫ನೆಯವು ದ, ನಿ ಮತ್ತು ಮೇಲಿನ ಸ. ಶಂಕರಾಭರಣದ ಸ್ವರಗಳು ಬೆರಳಿನಡಿಯಲ್ಲಿ ಬಂದುವು.

ಇಲ್ಲಿ ನಮ್ಮ ವೈಣಿಕರಿಂದ ಕಲಿಯತಕ್ಕ ಪಾಠವೊಂದಿದೆ. ಅವರು ಕೃತಿಯ ಸಾಹಿತ್ಯವನ್ನು ಮನಸ್ಸಿನಲ್ಲಿ ಹಾಡಿಕೊಳ್ಳುತ್ತ, ಅಕ್ಷರ ಬಂದಲ್ಲಿ ತಂತಿಯನ್ನು ಮೀಟುತ್ತಾರೆ. ಸ್ವರವೆಳೆಯುವಲ್ಲಿ ಮತ್ತೆ ಮೀಟದೆ ಎಡಗೈಯಿಂದ ಜಾರಿಸುತ್ತಾರೆ, ಎಳೆಯುತ್ತಾರೆ. ಬಾಸಿನಲ್ಲಿಯೂ ಹಾಗೆಯೇ ಮಾಡಿರಿ. ಪ್ರತಿಯೊಂದು ಸ್ವರವನ್ನೂ ಒಂದೇ ಬಲದಿಂದ ಕುಟ್ಟಿದರೆ ಅದು ಹಾಡಾಗದು, ಎಣಿಕೆಯಾದೀತು. ಗಾಯಕ ಉಸಿರು ತೆಗೆಯುವಲ್ಲಿ ತಂತಿಯನ್ನು ಬೆರಳಿನಿಂದ ಮುಟ್ಟಿ ನಿಲ್ಲಿಸಿರಿ. ದಪ್ಪ ತಂತಿಗಳ ನಾದ ಬಹಳ ಹೊತ್ತು ಉಳಿಯುವುದರಿಂದ, ಹಿಂದಿನ ಸ್ವರ ಮುಂದಿನದರ ಮೇಲೆ ಬಿದ್ದು ಕಲಸುಮೇಲೋಗರವಾಗುತ್ತದೆ.

ಮತ್ತೊಂದು ಎಚ್ಚರಿಕೆಯೂ ಅವಶ್ಯ. ಅತಿ ಮಂದ್ರದ ಸ್ವರಗಳಿಗೆ ನಮ್ಮ ಕಿವಿ ಅಷ್ಟಾಗಿ ಚುರುಕಲ್ಲ. ಧಾಟಿ ಸ್ಪಷ್ಟವಾಗಿ ಕೇಳಬೇಕಾದರೆ ಡಿ, ಜಿ ತಂತಿಗಳ ಮೇಲಿನ ಮೆಟ್ಟುಗಳಿಗೆ ಏರಬೇಕು. ಜಿ ತಂತಿಯ ೧೨ನೆಯ ಮೆಟ್ಟಿನಲ್ಲಿ ಸೆಕೆಂಡಿಗೆ ೧೯೬ ಕಂಪನಗಳು; ಪುರುಷರ ಕಂಠ ಸುಖವಾಗಿ ಹಾಡುವ ಎಡೆ ಅದು. ಬಾಸ್ ಹೀಗೆ ಮೇಲೇರಿದಾಗ ನೆಲ ಬರಿದಾಗದಂತೆ ಹಾರ್ಮೋನಿಯಮ್ಮೋ ಕೀಬೋರ್ಡೋ ಆಧಾರವನ್ನು ಹಿಡಿಯಲಿ. ಉಳಿದವರು ತಮ್ಮ ಸದ್ದನ್ನು ತಗ್ಗಿಸಲಿ. ಒಬ್ಬನು ಹಾಡುವಾಗ ಮಿಕ್ಕವರು ದಾರಿ ಬಿಡುವುದೂ ಸಂಗೀತಶಿಕ್ಷಣದ ಒಂದು ಭಾಗವೇ ಅಲ್ಲವೆ?

“ಇದು ಪರದೇಶದ ವಾದ್ಯ, ನಮಗೇಕೆ?” ಎಂಬ ಮಾತಿಗೆ ದೀರ್ಘ ಉತ್ತರ ಬೇಕಿಲ್ಲ. ಪಿಟೀಲು ಪರದೇಶದ್ದಾಗಿತ್ತು, ಮೈಸೂರಿನ ಚೌಡಯ್ಯನವರ ಕೈಯಲ್ಲಿ ಅದು ಏಳು ತಂತಿಗಳನ್ನು ಪಡೆದು ನಮ್ಮದಾಯಿತು. ಸ್ಯಾಕ್ಸೊಫೋನನ್ನು ಕದ್ರಿ ಗೋಪಾಲನಾಥರು ಕರ್ನಾಟಕ ಸಂಗೀತದ ವೇದಿಕೆಗೆ ತಂದರು. ವಾದ್ಯ ಎಲ್ಲಿಯದಾದರೇನು, ಹಾಡು ನಮ್ಮದಾಗಿದ್ದರೆ ಸಾಕು.

ಒಂದೇ ಕೋಣೆಯ ಮನೆಯಲ್ಲಿ ಅಭ್ಯಾಸ ಹೇಗೆಂದು ಚಿಂತಿಸುವವರಿಗೆ ಈ ವಾದ್ಯ ವಿಶೇಷವಾಗಿ ಅನುಕೂಲ. ವಿದ್ಯುತ್ತಿಲ್ಲದೆ ನುಡಿಸಿದರೆ ನೆರೆಮನೆಯವರಿಗೆ ಕೇಳಿಸದು. ವಾದ್ಯದ ತುದಿಯನ್ನು ಮರದ ಮೇಜಿಗೋ ಕಪಾಟಿಗೋ ತಾಗಿಸಿದರೆ ನುಡಿಸುವವನಿಗೆ ಸಾಕಷ್ಟು ನಾದ ದೊರೆಯುತ್ತದೆ. ಪಾಠಗಳನ್ನು ಓದಿ ಮುಗಿಸಿದ ಮೇಲೆ ದಿನಕ್ಕೆ ಕಾಲು ಗಂಟೆ ಸಾಕು.

ವಿದ್ಯಾರ್ಥಿ ಮಿತ್ರರೇ, ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿಯೇ ಹತ್ತನೆಯ ತರಗತಿ ಮುಗಿಸಿ ಈ ನಗರಕ್ಕೆ ಬಂದ ನಮಗೆ, “ನಿಮ್ಮ ಸ್ಥಾನ ಹಿಂದೆ” ಎಂಬ ಮಾತು ಹೊಸದಲ್ಲ. ನಿಮಗೂ ಅದು ಕೇಳಿಬಂದೀತು; ಶಾಲೆಯ ಮಾಧ್ಯಮವನ್ನು ನೋಡಿ ಕೆಲವರು, ಹೆತ್ತವರ ಉದ್ಯೋಗವನ್ನು ನೋಡಿ ಕೆಲವರು ಅದನ್ನು ಹೇಳಿಯಾರು. ಹಿಂದಿನ ಸಾಲಿನಲ್ಲಿ ನಿಲ್ಲುವುದರಲ್ಲಿ ಅವಮಾನವೇನೂ ಇಲ್ಲ. ವೃಂದವನ್ನು ಹೊರುವವರು ಅಲ್ಲಿಯೇ ಇರುತ್ತಾರೆ. ಆದರೆ ಅಲ್ಲಿ ನಿಂತವನಿಗೆ ಹಾಡಿನ ಒಂದು ತುಣುಕು ಸಾಕೆಂದು ಯಾರಾದರೂ ನಿರ್ಧರಿಸಿದರೆ ಅದನ್ನು ಒಪ್ಪಬೇಡಿರಿ. ಇಡಿಯ ಹಾಡನ್ನು ಕಲಿಯಿರಿ. ಮುಂದೆ ಬರಲು ಕರೆ ಬಂದ ದಿನ ನಿಮ್ಮ ತಂತಿ ಸಿದ್ಧವಾಗಿರಲಿ. ಕರೆ ಬಾರದಿದ್ದರೂ, ನೀವು ಕೊಡುವ ಆಧಾರ ಹಾಡನ್ನು ಬಲ್ಲವನ ಆಧಾರವಾಗಿರಲಿ.